ಅಣ್ಣನ ಮಗ ಐಸ್ ಹಾಕಿ ಕಾಮೆಂಟರಿ ಹೇಳುತ್ತಾನಂತೆ. ಇದೂ ಒಂದು ಕೆಲಸವಾ?

ಒಂಟಾರಿಯೊ ಅತ್ತೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಲಂಡನ್‌ನಲ್ಲಿ. ಇಂಗ್ಲೆಂಡಿನದ್ದಲ್ಲ, ಕೆನಡಾದ ಒಂಟಾರಿಯೊದಲ್ಲಿರುವ ಲಂಡನ್. ಅಣ್ಣನ ಸಂಸಾರವೂ ಎರಡು ಬೀದಿ ಆಚೆಗೇ ಇದೆ. ಅಣ್ಣನ ಮಗನಿಗೆ ಈಗ ಹದಿನೇಳು. ಲೆಕ್ಕದಲ್ಲಿ ಚುರುಕು. ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಾನೆ ಅಂತ ಎಲ್ಲರೂ ಅಂದುಕೊಂಡಿದ್ದೆವು. ಹೋದ ವಾರ ಊಟಕ್ಕೆ ಕೂತಾಗ ಮೆಲ್ಲಗೆ ಬಾಯಿಬಿಟ್ಟ. ಅವನು ಐಸ್ ಹಾಕಿಯ ಪ್ಲೇ-ಬೈ-ಪ್ಲೇ ಕಾಮೆಂಟರಿ (ಆಟ ನಡೆದ ಹಾಗೇ ಕ್ಷಣ ಕ್ಷಣಕ್ಕೂ ವಿವರಿಸುವುದು) ಹೇಳುವವನಾಗಬೇಕಂತೆ.

ಅಣ್ಣ ಅನ್ನ ಕಲಸುವುದನ್ನೇ ನಿಲ್ಲಿಸಿದ. "ಆಡೋರಿಗೆ ದುಡ್ಡು ಕೊಡ್ತಾರೆ, ಗೊತ್ತು. ಆಟ ನೋಡಿ ಮಾತಾಡೋರಿಗೂ ಕೊಡ್ತಾರಾ?" ಅಂದ. ಅತ್ತಿಗೆ ಎದ್ದು ಒಳಗೆ ಹೋದರು. ಹುಡುಗ ನನ್ನ ಮುಖ ನೋಡಿದ. ನನಗೇನೂ ತೋಚದೆ ಮಜ್ಜಿಗೆ ಬಡಿಸಿದೆ.

ನನಗೆ ಈ ಆಟದಲ್ಲಿ ಗೊತ್ತಿರುವುದು ಇಷ್ಟೇ: ಚಳಿ, ಕಿರುಚಾಟ, ಹಲ್ಲು ಉದುರಿದ ಹುಡುಗರು. ಈ ಕೆಲಸಕ್ಕೆ ದಾರಿ ಯಾವುದು? ಹೊಟ್ಟೆ ತುಂಬುತ್ತಾ? ಗೊತ್ತಿರುವವರು ಹೇಳಿ. ಅಣ್ಣನಿಗೆ ಏನಾದರೂ ಉತ್ತರ ಕೊಡಬೇಕು.

ಸುಮ್ನೆ ಕೇಳ್ದೆ

ಬೆಂಗಳೂರಿನಿಂದ ಒಂದು ದಡ್ಡ ಪ್ರಶ್ನೆ. ಟಿವಿಯಲ್ಲಿ ಕಾಣುತ್ತಿರುವುದನ್ನೇ ಬಾಯಲ್ಲಿ ಹೇಳುವುದರಲ್ಲಿ ಏನು ಕಷ್ಟ? ಕ್ರಿಕೆಟ್‌ನಲ್ಲಾದರೆ ಒಂದು ಬಾಲ್ ಆಗುತ್ತೆ, ನಂತರ ಅರ್ಧ ನಿಮಿಷ ಹರಟೆ.

ಬಸ್ಸಿನ ಹಿಂದಿನ ಸೀಟು

ಆ ಅರ್ಧ ನಿಮಿಷವೇ ಇಲ್ಲಿಲ್ಲ ಸ್ವಾಮಿ. ಅದೇ ಕಷ್ಟ.

ನಾನು ಅಮೆರಿಕದ ಒಂದು ಸಣ್ಣ ಲೀಗ್ ತಂಡದ ಆಫೀಸಿನಲ್ಲಿ ಮೂರು ವರ್ಷ ಟಿಕೆಟ್ ಕೆಲಸ ಮಾಡಿದವನು. ಕಾಮೆಂಟರಿ ಹೇಳುವವರ ಪಕ್ಕದ ಮೇಜು ನನ್ನದು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಎನ್‌ಎಚ್‌ಎಲ್ (ಅಮೆರಿಕ-ಕೆನಡಾದ ದೊಡ್ಡ ಐಸ್ ಹಾಕಿ ಲೀಗ್) ಅಂಗಳ 200 ಅಡಿ ಉದ್ದ, 85 ಅಡಿ ಅಗಲ. ಪಕ್ ಅನ್ನುವುದು ಮೂರು ಇಂಚು ಅಗಲ, ಒಂದು ಇಂಚು ದಪ್ಪದ ರಬ್ಬರ್ ಬಿಲ್ಲೆ. ಪುಟಿಯದಿರಲಿ ಅಂತ ಅದನ್ನು ಫ್ರೀಜ್ ಮಾಡಿ ತರುತ್ತಾರೆ. ಜೋರಾಗಿ ಹೊಡೆದರೆ ಗಂಟೆಗೆ 160 ಕಿಲೋಮೀಟರ್ ದಾಟುತ್ತದೆ. ಒಂದು ತಂಡದಲ್ಲಿ ಇಬ್ಬರು ಗೋಲ್‌ಕೀಪರ್‌ಗಳು ಸೇರಿ 20 ಜನ ಸಿದ್ಧವಾಗಿರುತ್ತಾರೆ. ಐಸ್ ಮೇಲೆ ಇರುವವರು ಆರು ಜನ. ಒಬ್ಬ ಆಟಗಾರ ಸುಮಾರು ಮುಕ್ಕಾಲು ನಿಮಿಷ ಆಡಿ ಬೆಂಚಿಗೆ ಬರುತ್ತಾನೆ, ಇನ್ನೊಬ್ಬ ಬೇಲಿ ಹಾರಿ ಇಳಿಯುತ್ತಾನೆ. ಸೀಟಿ ಊದುವುದಿಲ್ಲ, ಆಟ ನಿಲ್ಲುವುದಿಲ್ಲ. ಮೇಲೆ ಎಲ್ಲೋ ಗೂಡಿನಲ್ಲಿ ಕೂತವನು ಇಷ್ಟೂ ಜನರನ್ನು ನಂಬರಿನಿಂದ, ಸ್ಕೇಟಿಂಗ್ ಶೈಲಿಯಿಂದ, ಹೆಲ್ಮೆಟ್ ವಾಲಿಸುವ ರೀತಿಯಿಂದ ಗುರುತು ಹಿಡಿಯಬೇಕು. ಹೆಸರು ನಾಲಿಗೆಗೆ ಬರುವ ಹೊತ್ತಿಗೆ ಪಕ್ ಮೂರನೆಯವನ ಹತ್ತಿರ ಇರುತ್ತದೆ.

ರೇಡಿಯೊ ಆದರೆ ಇನ್ನೂ ಕಷ್ಟ. ಕೇಳುಗನಿಗೆ ಏನೂ ಕಾಣುವುದಿಲ್ಲ. ಯಾವ ತಂಡ ಎಡದಿಂದ ಬಲಕ್ಕೆ ಹೋಗುತ್ತಿದೆ, ಪಕ್ ಯಾವ ಮೂಲೆಯಲ್ಲಿದೆ, ಎಷ್ಟು ಸಮಯ ಉಳಿದಿದೆ, ಎಲ್ಲ ಹೇಳಬೇಕು. ನಮ್ಮ ಮೇಜಿನವರು ಹೊಸಬರಿಗೆ ಹೇಳುತ್ತಿದ್ದ ಮೊದಲ ಮಾತು: ಸ್ಕೋರ್ ಹೇಳು, ಮತ್ತೆ ಹೇಳು, ಇನ್ನೊಮ್ಮೆ ಹೇಳು. ಕಾರಿನಲ್ಲಿ ಈಗಷ್ಟೇ ರೇಡಿಯೊ ಹಾಕಿದವನಿಗೆ ಬೇಕಾಗಿರುವುದು ಅದೊಂದೇ.

ಬಫಲೊ ಬಾಣಲೆ

ಅತ್ತೆ, ನಮ್ಮ ಊರಿನ ರಿಕ್ ಜೆನರೆಟ್ ಕಥೆಯನ್ನು ಅಣ್ಣನಿಗೆ ಹೇಳಿ. ಬಫಲೊ ಸೇಬರ್ಸ್ ತಂಡದ ದನಿ. 1971ರಿಂದ 2022ರವರೆಗೆ ಒಂದೇ ತಂಡ. ನಮ್ಮಲ್ಲಿ ಸರ್ಕಾರಿ ಕೆಲಸದಲ್ಲೂ ಅಷ್ಟು ವರ್ಷ ಇರಲು ಬಿಡುವುದಿಲ್ಲ!

ಅವರು ಈ ಕೆಲಸಕ್ಕೆ ಬಂದಿದ್ದೇ ಆಕಸ್ಮಿಕ. 1963ರಲ್ಲಿ ಒಂದು ಜೂನಿಯರ್ ಪಂದ್ಯ ನೋಡಲು ಹೋಗಿದ್ದರು. ಕಾಮೆಂಟರಿ ಹೇಳಬೇಕಾದವರಿಗೆ ಹುಷಾರಿರಲಿಲ್ಲ. ನೀವೇ ಹೇಳಿ ಅಂದರು, ಕೂತರು, ಅಷ್ಟೇ.

ನಾನು ಬಫಲೊಗೆ ಬಂದ ಮೊದಲ ಚಳಿಗಾಲದಲ್ಲಿ ಆಟದ ನಿಯಮ ಒಂದೂ ಗೊತ್ತಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬರುವಾಗ ಕಾರಿನ ಹೀಟರ್ ಕೆಟ್ಟಿತ್ತು. ರೇಡಿಯೊ ಮಾತ್ರ ನಡೆಯುತ್ತಿತ್ತು. ಆ ಮುದುಕನ ಕೂಗಿಗೇ ಮೈ ಬಿಸಿಯಾಗುತ್ತಿತ್ತು. ಗೋಲಿನ ಮೇಲಿನ ಮೂಲೆಗೆ ಪಕ್ ನುಗ್ಗಿದರೆ "ಅಮ್ಮ ಬಿಸ್ಕತ್ತು ಬಚ್ಚಿಡುವ ಮೇಲಿನ ಅಟ್ಟಕ್ಕೆ" ಅನ್ನುತ್ತಿದ್ದರು. ನನಗೆ ತಕ್ಷಣ ನಮ್ಮಜ್ಜಿಯ ಚಕ್ಕುಲಿ ಡಬ್ಬ ನೆನಪಾಗುತ್ತಿತ್ತು. ಅಲ್ಲೇ ಆಟ ಅರ್ಥವಾಯಿತು ಅನ್ನಿ.

1993ರ ಏಪ್ರಿಲ್ 24ರದ್ದು ಈಗಲೂ ಹುಡುಕಿ ಕೇಳುತ್ತೇನೆ. ಬಾಸ್ಟನ್ ವಿರುದ್ಧ ನಾಲ್ಕನೇ ಪಂದ್ಯ, ಹೆಚ್ಚುವರಿ ಸಮಯ. ಬ್ರ್ಯಾಡ್ ಮೇ ಗೋಲು ಹೊಡೆದ. ಜೆನರೆಟ್ "ಮೇ ಡೇ! ಮೇ ಡೇ!" ಅಂತ ಕೂಗಿಕೊಂಡರು. ಆಟಗಾರನ ಹೆಸರೂ ಅದೇ, ವಿಮಾನ ಅಪಾಯದಲ್ಲಿದ್ದಾಗ ಪೈಲಟ್ ಕೂಗುವ ಮಾತೂ ಅದೇ. ಹತ್ತು ವರ್ಷದಿಂದ ಪ್ಲೇಆಫ್‌ನಲ್ಲಿ ಒಂದು ಸುತ್ತೂ ಗೆಲ್ಲದ ಊರು ಆ ಕೂಗನ್ನು ಇವತ್ತಿಗೂ ಬಿಟ್ಟಿಲ್ಲ. 2023ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡಾಗ ನಮ್ಮ ಬೀದಿಯ ಅಂಗಡಿಯವನು ಕಣ್ಣೊರೆಸಿಕೊಂಡಿದ್ದು ನಾನೇ ನೋಡಿದೆ.

ಒಂಟಾರಿಯೊ ಅತ್ತೆ

ಚೆನ್ನಾಗಿದೆ. ಆದರೆ "ಆಕಸ್ಮಿಕವಾಗಿ ಕೆಲಸ ಸಿಕ್ಕಿತು" ಅಂತ ಅಣ್ಣನಿಗೆ ಹೇಳಿದರೆ ನನ್ನನ್ನೂ ಮನೆಯಿಂದ ಓಡಿಸುತ್ತಾನೆ. ಓದಿ ಮೇಲೆ ಬಂದವರು ಯಾರಾದರೂ ಇದ್ದಾರಾ?

ಪಡಸಾಲೆ ಪಂಡಿತ

ಇದ್ದಾರೆ. ನಿಮ್ಮ ಅಣ್ಣನಿಗೆ ಇಷ್ಟವಾಗುವಂಥವರು. ಮೈಕ್ ಎಮ್ರಿಕ್. ಎಲ್ಲರೂ ಕರೆಯುವುದು "ಡಾಕ್" ಅಂತ. ಸುಮ್ಮನೆ ಅಡ್ಡಹೆಸರಲ್ಲ, ನಿಜವಾಗಿ ಪಿಎಚ್‌ಡಿ. 1976ರಲ್ಲಿ ಒಹಾಯೊದ ಬೌಲಿಂಗ್ ಗ್ರೀನ್ ವಿಶ್ವವಿದ್ಯಾಲಯದಲ್ಲಿ ಪ್ರಸಾರ ಮಾಧ್ಯಮದ ವಿಷಯಕ್ಕೇ ಡಾಕ್ಟರೇಟ್.

ಅವರ ದಾರಿಯನ್ನು ನಿಧಾನಕ್ಕೆ ನೋಡಿ. ಹುಟ್ಟಿದ್ದು 1946ರಲ್ಲಿ, ಇಂಡಿಯಾನಾದ ಒಂದು ಪುಟ್ಟ ಊರಲ್ಲಿ. ಮೊದಲ ಹಾಕಿ ಪಂದ್ಯ ನೋಡಿದ್ದು 1960ರಲ್ಲಿ, ಫೋರ್ಟ್ ವೇನ್‌ನಲ್ಲಿ. ಅಲ್ಲಿಗೆ ಹುಚ್ಚು ಹಿಡಿಯಿತು. ಓದುವ ಕಾಲದಲ್ಲಿ ಟೇಪ್ ರೆಕಾರ್ಡರ್ ಹಿಡಿದು ಪಂದ್ಯಗಳಿಗೆ ಹೋಗಿ ಒಬ್ಬರೇ ಮಾತಾಡಿಕೊಂಡು ಅಭ್ಯಾಸ ಮಾಡಿದರು. ಆಮೇಲೆ ಪೆನ್ಸಿಲ್ವೇನಿಯಾದ ಕಾಲೇಜೊಂದರಲ್ಲಿ ಮೇಷ್ಟ್ರು. ಆಗ 1970-71ರಲ್ಲಿ ಅಲ್ಲಿನ ಸ್ಥಳೀಯ ಪತ್ರಿಕೆಗೆ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಪಂದ್ಯಗಳ ವರದಿ ಬರೆದರು. ಪುಕ್ಕಟೆ. ಸಂಬಳ ಬೇಡ, ಒಳಗೆ ಬಿಟ್ಟರೆ ಸಾಕು ಅನ್ನುವ ಲೆಕ್ಕ.

ಮೊದಲ ಕೆಲಸ ಸಿಕ್ಕಿದ್ದು 1973ರಲ್ಲಿ, ಮಿಷಿಗನ್‌ನ ಪೋರ್ಟ್ ಹ್ಯೂರನ್ ಊರಿನ ಸಣ್ಣ ಲೀಗ್ ತಂಡದಲ್ಲಿ. ಅತ್ತೆ, ಅದು ನಿಮ್ಮ ಊರಿಂದ ನೂರು ಕಿಲೋಮೀಟರ್ ಇರಬಹುದು, ಗಡಿ ದಾಟಿದರೆ ಸಿಕ್ಕಿತು. ನಾಲ್ಕು ವರ್ಷ ಅಲ್ಲಿ. ಆಮೇಲೆ ಮೂರು ವರ್ಷ ಮೇನ್ ರಾಜ್ಯದ ಮ್ಯಾರಿನರ್ಸ್ ತಂಡ. 1980ರಲ್ಲಿ ಫಿಲಡೆಲ್ಫಿಯಾ ಫ್ಲೈಯರ್ಸ್ ಜೊತೆ ಎನ್‌ಎಚ್‌ಎಲ್‌ಗೆ ಕಾಲಿಟ್ಟಾಗ ವಯಸ್ಸು ಮೂವತ್ತನಾಲ್ಕು. ನ್ಯೂಜೆರ್ಸಿ ಡೆವಿಲ್ಸ್‌ನಲ್ಲಿ ದಶಕಗಳು. 1991ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್, ಅದನ್ನೂ ದಾಟಿದರು. 2008ರಲ್ಲಿ ಹಾಕಿ ಹಾಲ್ ಆಫ್ ಫೇಮ್ ಪ್ರಸಾರಕರಿಗೆ ಕೊಡುವ ಫಾಸ್ಟರ್ ಹೆವಿಟ್ ಪ್ರಶಸ್ತಿ. 2020ರ ಅಕ್ಟೋಬರ್‌ನಲ್ಲಿ ನಿವೃತ್ತಿ ಹೇಳುವ ಹೊತ್ತಿಗೆ 3,750ಕ್ಕೂ ಹೆಚ್ಚು ಪಂದ್ಯ ಹೇಳಿ ಮುಗಿಸಿದ್ದರು. ಕೊನೆಯ ವರ್ಷ ಕೋವಿಡ್. ಆಟಗಾರರನ್ನೆಲ್ಲ ಟೊರೊಂಟೊ, ಎಡ್ಮಂಟನ್‌ನಲ್ಲಿ ಕೂಡಿಹಾಕಿ ಆಡಿಸಿದರು. ಇವರು ಮಿಷಿಗನ್‌ನ ತಮ್ಮ ಮನೆಯಲ್ಲೇ ಪರದೆ ನೋಡಿ ಕಾಮೆಂಟರಿ ಹೇಳಿದರು.

ಒಂದೇ ಪಂದ್ಯದಲ್ಲಿ ಪಕ್ ಹೋದ ಬಗೆಯನ್ನು ಹೇಳಲು ಅವರು 153 ಬೇರೆ ಬೇರೆ ಕ್ರಿಯಾಪದ ಬಳಸಿದ್ದನ್ನು ಯಾರೋ ಕೂತು ಎಣಿಸಿದ್ದಾರೆ. ನೂರಾ ಐವತ್ತಮೂರು! ಸೌಟಿನಲ್ಲಿ ಬಡಿಸಿದ ಹಾಗೆ, ಕಾಲಲ್ಲಿ ಒದ್ದ ಹಾಗೆ, ಎಲ್ಲದಕ್ಕೂ ಒಂದೊಂದು ಪದ.

ಸುಮ್ನೆ ಕೇಳ್ದೆ

ಕನ್ನಡದಲ್ಲಿ ಎಷ್ಟಾಗುತ್ತೆ ನೋಡೋಣ. ತಳ್ಳಿದ, ನೂಕಿದ, ದಬ್ಬಿದ, ಬಾರಿಸಿದ, ಚಚ್ಚಿದ, ತಟ್ಟಿದ, ಉರುಳಿಸಿದ, ಜಾರಿಸಿದ, ಸವರಿದ, ಚಿಮ್ಮಿದ, ಗುಮ್ಮಿದ, ಒಗೆದ, ಬಿಸಾಕಿದ, ಹೆಕ್ಕಿದ, ಕಿತ್ತುಕೊಂಡ, ಎಗರಿಸಿದ, ಪೀಕಿದ... ಹದಿನೇಳು. ಉಸಿರು ಕಟ್ಟಿತು.

ಪೊನ್ನಂಪೇಟೆ ಪೋರ

"ತೂರಿದ", "ಇಕ್ಕಿದ" ಬಿಟ್ಟಿರಿ. ನಮ್ಮ ಕೊಡಗಿನಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಯುತ್ತೆ, ಹುಲ್ಲಿನ ಮೇಲಿನ ಹಾಕಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು. ಅಲ್ಲಿ ಮೈಕ್ ಹಿಡಿದವರು ಆಟದ ಜೊತೆಗೆ ಯಾರು ಯಾರ ಅಳಿಯ, ಯಾರ ಮನೆಯ ಹುಡುಗ ಅನ್ನುವುದನ್ನೂ ಸೇರಿಸಿ ಹೇಳಿಬಿಡುತ್ತಾರೆ. ಗೋಲು ತಪ್ಪಿಸಿದವನಿಗೆ ಸಂಜೆ ಮನೆಗೆ ಹೋಗಲು ನಾಚಿಕೆ. ಐಸ್ ಹಾಕಿ ನನಗೆ ಗೊತ್ತಿಲ್ಲ. ಒಳ್ಳೆ ಕಾಮೆಂಟರಿಯಿಲ್ಲದ ಪಂದ್ಯ ಸಪ್ಪೆ ಅನ್ನುವುದಂತೂ ಗೊತ್ತು.

ಮಾಂಟ್ರಿಯಲ್ ಮೆಣಸಿನಕಾಯಿ

ಪಂಡಿತರೇ, ಎಮ್ರಿಕ್ ದೊಡ್ಡವರು ನಿಜ. ಆದರೆ ನನಗೆ ಅವರ ಕಾಮೆಂಟರಿ ನಿಘಂಟು ಓದಿದ ಹಾಗೆ ಕೇಳುತ್ತೆ. 153 ಕ್ರಿಯಾಪದ ಯಾಕೆ ಬೇಕು? ಬಾಬ್ ಕೋಲ್ ಕೇಳಿ. ಮಾತು ಕಮ್ಮಿ. ಅರ್ಧ ವಾಕ್ಯ, ಒಂದು ಹೆಸರು, ದನಿಯಲ್ಲಿ ಒಂದು ಏರಿಳಿತ. ದನಿ ಏರಿತು ಅಂದರೆ ಅಡುಗೆಮನೆಯಲ್ಲಿದ್ದವರೂ ಓಡಿ ಬರಬೇಕು, ಏನೋ ಆಗುತ್ತೆ ಅಂತ.

ಹುಟ್ಟಿದ್ದು 1933ರಲ್ಲಿ, ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್‌ನಲ್ಲಿ. ಅವರು ಬೆಳೆಯುವಾಗ ಅದು ಇನ್ನೂ ಕೆನಡಾಕ್ಕೆ ಸೇರಿರಲಿಲ್ಲ. 1956ರಲ್ಲಿ ಟೊರೊಂಟೊಗೆ ಬಂದಾಗ ತಮ್ಮ ದನಿಯ ಟೇಪ್ ಹಿಡಿದು ಫಾಸ್ಟರ್ ಹೆವಿಟ್ ಅವರ ರೇಡಿಯೊ ಸ್ಟೇಷನ್ನಿಗೆ ಹೋದರು. ಹೆವಿಟ್ ಅಂದರೆ ಈ ಕಸುಬಿನ ಮೂಲಪುರುಷ. ಕೊಟ್ಟು ಹೋಗೋಣ ಅಂದುಕೊಂಡಿದ್ದರು. ಹೆವಿಟ್ ಒಳಗೆ ಕರೆದು, ಕೂರಿಸಿ, ಟೇಪ್ ಪೂರ್ತಿ ಕೇಳಿ ಬುದ್ಧಿ ಹೇಳಿದರು. ಅದಾಗಿ ಹದಿಮೂರು ವರ್ಷ ಕಾದ ಮೇಲೆ, 1969ರಲ್ಲಿ, ಹಾಕಿ ನೈಟ್ ಇನ್ ಕೆನಡಾ ಅನ್ನುವ ಶನಿವಾರ ರಾತ್ರಿಯ ಕಾರ್ಯಕ್ರಮದ ರೇಡಿಯೊ ಪ್ರಸಾರದಲ್ಲಿ ಜಾಗ. 1973ರಲ್ಲಿ ಟಿವಿ.

1976ರ ಜನವರಿ 11ರಂದು ಸೋವಿಯತ್ ಸೇನೆಯ ಹಾಕಿ ತಂಡ ಫಿಲಡೆಲ್ಫಿಯಾದಲ್ಲಿ ಪೆಟ್ಟು ತಿಂದು, ಸಿಟ್ಟಾಗಿ ಐಸ್ ಬಿಟ್ಟು ಹೊರನಡೆಯಿತು. ಕೋಲ್ ಹೇಳಿದ್ದು ಬರೀ "ಅವರು ಮನೆಗೆ ಹೊರಟರು!" ಅಂತ. ಶೀತಲ ಸಮರದ ಬಗ್ಗೆ ಭಾಷಣವಿಲ್ಲ. ಅಷ್ಟೇ ಸಾಕಾಗಿತ್ತು. (ಆಮೇಲೆ ಅವರು ವಾಪಸ್ ಬಂದು ಆಡಿ 4-1ರಲ್ಲಿ ಸೋತರು.) 2019ರ ಏಪ್ರಿಲ್ 6ರಂದು ನಮ್ಮ ಮಾಂಟ್ರಿಯಲ್‌ನಲ್ಲೇ ಕೊನೆಯ ಪಂದ್ಯ ಹೇಳಿದರು, ಎಂಬತ್ತೈದನೇ ವಯಸ್ಸಿನಲ್ಲಿ. 2024ರಲ್ಲಿ ತೀರಿಕೊಂಡರು.

ಪಡಸಾಲೆ ಪಂಡಿತ

ಕೊನೆಕೊನೆಗೆ ಕೋಲ್ ಹೆಸರು ತಪ್ಪು ಹೇಳುತ್ತಿದ್ದರು. ಅದನ್ನೂ ಹೇಳಿ ಮೆಣಸಿನಕಾಯಿಯವರೇ.

ಮಾಂಟ್ರಿಯಲ್ ಮೆಣಸಿನಕಾಯಿ

ಹೇಳುತ್ತಿದ್ದರು. ನನ್ನ ಹೆಸರನ್ನೂ ಇಲ್ಲಿ ದಿನಾ ಹತ್ತು ಜನ ತಪ್ಪು ಹೇಳುತ್ತಾರೆ, ಬದುಕಿದ್ದೇನೆ.

ಬಸ್ಸಿನ ಹಿಂದಿನ ಸೀಟು

ಇಬ್ಬರೂ ಜಗಳ ನಿಲ್ಲಿಸಿ. ಹೆಸರಿನ ವಿಷಯ ಬಂತು, ಅದು ಕಾಮೆಂಟರಿಯ ಅರ್ಧ ಕೆಲಸ. ರಷ್ಯಾ, ಫಿನ್ಲೆಂಡ್, ಚೆಕ್, ಸ್ವೀಡನ್ ಎಲ್ಲ ಕಡೆಯಿಂದ ಆಟಗಾರರು. ನಮ್ಮವರು ಪಂದ್ಯದ ದಿನ ಬೆಳಗಿನ ಅಭ್ಯಾಸಕ್ಕೆ ಹೋಗಿ ಎದುರು ತಂಡದ ಹೊಸ ಹುಡುಗರನ್ನು ನಿಲ್ಲಿಸಿ "ನಿನ್ನ ಹೆಸರು ನೀನೇ ಹೇಳು" ಅಂತ ಕೇಳುತ್ತಿದ್ದರು. ಆಮೇಲೆ ಒಂದು ದೊಡ್ಡ ರಟ್ಟಿನ ಮೇಲೆ ಎರಡೂ ತಂಡದ ಹೆಸರು, ನಂಬರು, ಬಣ್ಣ ಬಣ್ಣದ ಪೆನ್ನಿನಲ್ಲಿ. ಪಂದ್ಯ ಶುರುವಾದ ಮೇಲೆ ಅದನ್ನು ನೋಡಲು ಪುರುಸೊತ್ತೇ ಇಲ್ಲ. ಬರೆಯುವಾಗಲೇ ಬಾಯಿಪಾಠ ಆಗಬೇಕು.

ಸುಮ್ನೆ ಕೇಳ್ದೆ

ಕಾಪೊ ಕಕ್ಕೊ ಅಂತ ಒಬ್ಬ ಫಿನ್ಲೆಂಡ್ ಆಟಗಾರ ಇದ್ದಾನಂತೆ. ಕನ್ನಡದಲ್ಲಿ ಅವನ ಕಾಮೆಂಟರಿ ಹೇಗೆ ಹೇಳುವುದು? "ಕಕ್ಕೊ... ಕಕ್ಕೊ... ಇನ್ನೂ ಕಕ್ಕೊ..."

ಬಫಲೊ ಬಾಣಲೆ

ಊಟದ ಹೊತ್ತಲ್ಲಿ ಬೇಡ ಮಾರಾಯ.

ಹಸಿರು ಸೀರೆ

ಭಾಷೆಯ ಮಾತು ಬಂತಲ್ಲ. ನಾನು ಕ್ಯಾಲ್ಗರಿಯಲ್ಲಿರುವುದು. ಇಲ್ಲಿ ಹಾಕಿ ಕಾಮೆಂಟರಿ ಪಂಜಾಬಿಯಲ್ಲೂ ಶುರುವಾಯಿತು, 2008ರಲ್ಲಿ. ಹರ್ನಾರಾಯಣ್ ಸಿಂಗ್ ಆಲ್ಬರ್ಟಾದ ಬ್ರೂಕ್ಸ್ ಅನ್ನುವ ಸಣ್ಣ ಊರಿನವರು. ವಾರದ ದಿನ ಕ್ಯಾಲ್ಗರಿಯಲ್ಲಿ ವರದಿಗಾರನ ಕೆಲಸ, ಶನಿವಾರ ಟೊರೊಂಟೊದಲ್ಲಿ ಪಂಜಾಬಿ ಕಾಮೆಂಟರಿ. ವಿಮಾನದಲ್ಲಿ ಒಂದು ಕಡೆಗೇ ನಾಲ್ಕು ಗಂಟೆ. ಶುರುವಿನ ವರ್ಷಗಳಲ್ಲಿ ಆ ಟಿಕೆಟ್ ದುಡ್ಡನ್ನು ಕೈಯಿಂದಲೇ ಹಾಕಿಕೊಂಡರು.

ಅವರ ಕಾಮೆಂಟರಿಯಲ್ಲಿ ಪಕ್‌ಗೆ "ಟಿಕ್ಕಿ" ಅಂತಾರೆ. ಆಲೂ ಟಿಕ್ಕಿಯ ಟಿಕ್ಕಿ! 2016ರ ಮೇ 30ರಂದು ಎನ್‌ಎಚ್‌ಎಲ್‌ನ ದೊಡ್ಡ ಟ್ರೋಫಿಯಾದ ಸ್ಟಾನ್ಲಿ ಕಪ್ ಫೈನಲ್‌ನ ಮೊದಲ ಪಂದ್ಯದಲ್ಲಿ ಪಿಟ್ಸ್‌ಬರ್ಗ್‌ನ ನಿಕ್ ಬೊನೀನೊ ಕೊನೆಯಲ್ಲಿ ಗೋಲು ಹೊಡೆದ. ಹರ್ನಾರಾಯಣ್ "ಬೊನೀನೊ ಬೊನೀನೊ ಬೊನೀನೊ" ಅಂತ ಉಸಿರು ಬಿಡದೆ ಹಾಡಿಯೇಬಿಟ್ಟರು. ಪಂಜಾಬಿ ಒಂದಕ್ಷರ ಬಾರದ ಪಿಟ್ಸ್‌ಬರ್ಗ್ ಜನ ಅದನ್ನೇ ಕೇಳಿ ಕೇಳಿ ಹಂಚಿದರು. ತಂಡ ಕಪ್ ಗೆದ್ದಾಗ ಇವರನ್ನು ಸಂಭ್ರಮಕ್ಕೆ ಕರೆಸಿಕೊಂಡಿತು. 2021ರ ಜನವರಿಯಿಂದ ಇಂಗ್ಲಿಷ್ ರಾಷ್ಟ್ರೀಯ ಪ್ರಸಾರದಲ್ಲೂ ಪ್ಲೇ-ಬೈ-ಪ್ಲೇ ಹೇಳಿದರು, ಪೇಟ ತೊಟ್ಟೇ. ಇದನ್ನು ಅಣ್ಣನಿಗೆ ಹೇಳಿ ಅತ್ತೆ. "ನಮ್ಮ ಮುಖದವರನ್ನು ಯಾರು ಕೂರಿಸುತ್ತಾರೆ" ಅನ್ನುವ ಅಳುಕು ಇದ್ದರೆ ಹೋಗುತ್ತೆ. ಹೆಂಗಸರ ವಿಷಯಕ್ಕೆ ಬಂದರೆ, 2020ರ ಮಾರ್ಚ್ 8ರಂದು ನಮ್ಮ ಕ್ಯಾಲ್ಗರಿ ಪಂದ್ಯವನ್ನು ಲಿಯಾ ಹೆಕ್ಸ್‌ಟಾಲ್ ಹೇಳಿದರು. ನಾನೂ ಮಗಳೂ ಟಿವಿ ಮುಂದೆ ಕೂತು ನೋಡಿದೆವು.

ಮಾಂಟ್ರಿಯಲ್ ಮೆಣಸಿನಕಾಯಿ

ನಮ್ಮ ಫ್ರೆಂಚ್‌ನಲ್ಲೂ ಇದೇ ಕಥೆ. 1952ರ ಅಕ್ಟೋಬರ್ 11ರಂದು ಕೆನಡಾದ ಮೊದಲ ಹಾಕಿ ಟಿವಿ ಪ್ರಸಾರ, ಫ್ರೆಂಚ್‌ನಲ್ಲಿ. ಹೇಳಿದವರು ರೆನೆ ಲೆಕವಾಲಿಯೆ. ಅಲ್ಲಿಯವರೆಗೆ ಇಲ್ಲಿನ ಜನ ಆಟದ ಪದಗಳನ್ನೆಲ್ಲ ಇಂಗ್ಲಿಷ್‌ನಲ್ಲೇ ಬೆರೆಸಿ ಆಡುತ್ತಿದ್ದರು. ಅವರು ಒಳ್ಳೆಯ ಫ್ರೆಂಚ್ ಪದಗಳನ್ನು ಹುಡುಕಿ ವಾರ ವಾರ ಬಳಸಿದರು. ಜನ ಎತ್ತಿಕೊಂಡರು.

ಸುಮ್ನೆ ಕೇಳ್ದೆ

ಹಾಗಾದರೆ ಕನ್ನಡದಲ್ಲಿ ಪಕ್ = ನಿಪ್ಪಟ್ಟು. ತೀರ್ಮಾನ ಆಯಿತು.

ಪೊನ್ನಂಪೇಟೆ ಪೋರ

ನಿಪ್ಪಟ್ಟು ಮೊದಲ ಏಟಿಗೇ ಪುಡಿ. ಹಿಂದಿನ ಸೀಟಿನವರು ಮೇಲೆ ಬರೆದ "ಬಿಲ್ಲೆ"ಯೇ ಸರಿ. ಹುಡುಗರು ಬಿಲ್ಲೆ ತಳ್ಳಿ ಆಡುತ್ತಾರಲ್ಲ.

ಪಡಸಾಲೆ ಪಂಡಿತ

ಹೆವಿಟ್ ಬಗ್ಗೆ ಎರಡು ಮಾತು, ಅವರಿಲ್ಲದೆ ಈ ಚರ್ಚೆ ಮುಗಿಯಬಾರದು. 1923ನೇ ಇಸವಿ. ಟೊರೊಂಟೊ ಸ್ಟಾರ್ ಪತ್ರಿಕೆಯ ರೇಡಿಯೊ ಸ್ಟೇಷನ್. ಇಪ್ಪತ್ತು ವರ್ಷದ ಹುಡುಗನನ್ನು ಐಸ್ ಪಕ್ಕದ ಗಾಜಿನ ಡಬ್ಬಿಯೊಳಗೆ ಕೂರಿಸಿ ಕೈಗೆ ಟೆಲಿಫೋನ್ ಕೊಟ್ಟರು. ಉಸಿರಿಗೆ ಗಾಜೆಲ್ಲ ಮಂಜು. ಒರೆಸುತ್ತಾ ಹೇಳಬೇಕು. 1931ರಲ್ಲಿ ಟೊರೊಂಟೊದಲ್ಲಿ ಮೇಪಲ್ ಲೀಫ್ ಗಾರ್ಡನ್ಸ್ ಅನ್ನುವ ಹಾಕಿ ಕ್ರೀಡಾಂಗಣ ಕಟ್ಟಿದಾಗ ಐಸ್‌ನಿಂದ 56 ಅಡಿ ಮೇಲೆ ತೂಗುವ ಒಂದು ಗೂಡು ಮಾಡಿಕೊಟ್ಟರು. ಆ ಗೂಡಿನಿಂದ ಬಂದ ದನಿ ಇಡೀ ಕೆನಡಾದ ಶನಿವಾರ ರಾತ್ರಿಯಾಯಿತು. 1979ರಲ್ಲಿ ಆ ಗೂಡನ್ನು ಒಡೆದು ಎಸೆದರು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಬಸ್ಸಿನ ಹಿಂದಿನ ಸೀಟು

ಅವರ ಅಪ್ಪ ಅದೇ ಪತ್ರಿಕೆಯ ಕ್ರೀಡಾ ಸಂಪಾದಕರು ಅನ್ನುವುದನ್ನು ಪಂಡಿತರು ಮರೆತರು. ಮಗ ಬಿಲ್ ಹೆವಿಟ್ ಕೂಡ ಅದೇ ಕೆಲಸಕ್ಕೆ ಬಂದರು. ಈ ಕಸುಬಿನಲ್ಲಿ ಮನೆತನ ಜಾಸ್ತಿ. ನಮ್ಮ ಹುಡುಗನಿಗೆ ಆ ಅನುಕೂಲ ಇಲ್ಲ, ಅದು ನೆನಪಿರಲಿ.

ಅತ್ತೆ, ಈಗ ಹೊಟ್ಟೆಯ ಪ್ರಶ್ನೆ. ಎನ್‌ಎಚ್‌ಎಲ್‌ನಲ್ಲಿ 32 ತಂಡ. ಒಂದೊಂದಕ್ಕೆ ಟಿವಿಗೆ ಒಬ್ಬರು, ರೇಡಿಯೊಗೆ ಒಬ್ಬರು. ಕೆಲವು ಕಡೆ ಎರಡಕ್ಕೂ ಒಬ್ಬರೇ. ರಾಷ್ಟ್ರೀಯ ಚಾನೆಲ್‌ಗಳದ್ದು ಸೇರಿಸಿದರೂ ನೂರು ಕುರ್ಚಿ ದಾಟುವುದಿಲ್ಲ. ಕೂತವರು ಜೆನರೆಟ್ ಥರ ಐವತ್ತು ವರ್ಷ ಏಳುವುದಿಲ್ಲ.

ಕೆಳಗಿನ ಲೀಗ್‌ನಲ್ಲಿ ಕಾಮೆಂಟರಿ ಅನ್ನುವುದು ಕೆಲಸದ ಕಾಲು ಭಾಗ. ನಮ್ಮ ತಂಡದವನು ಬೆಳಗ್ಗೆ ಪತ್ರಿಕಾ ಪ್ರಕಟಣೆ ಬರೆಯುತ್ತಿದ್ದ. ಮಧ್ಯಾಹ್ನ ಜಾಹೀರಾತು ಮಾರುತ್ತಿದ್ದ. ಹೋಟೆಲ್ ಬುಕ್ ಮಾಡುವುದು, ಆಟಗಾರರಿಗೆ ಪಿಜ್ಜಾ ತರಿಸುವುದು, ಫೇಸ್‌ಬುಕ್, ಎಲ್ಲ ಅವನೇ. ಸಂಜೆ ಮೂರು ಗಂಟೆ ಹೊತ್ತು ಒಬ್ಬನೇ ಮಾತಾಡುವುದು, ಪಕ್ಕದಲ್ಲಿ ವಿಶ್ಲೇಷಕನೂ ಇಲ್ಲ. ಪಂದ್ಯ ಮುಗಿದರೆ ಬಸ್ಸು, ಬೆಳಗಿನ ಜಾವಕ್ಕೆ ಇನ್ನೊಂದು ಊರು. ವರ್ಷಕ್ಕೆ ಎಪ್ಪತ್ತರ ಹತ್ತಿರ ಪಂದ್ಯ. ಒಂದು ಸಲ ಹಿಮದಲ್ಲಿ ಬಸ್ಸು ಕೆಟ್ಟು ನಿಂತಾಗ ಗಂಟಲು ಕಟ್ಟದಿರಲಿ ಅಂತ ಮೂಗಿನವರೆಗೆ ಮಫ್ಲರ್ ಸುತ್ತಿ, ಯಾರ ಜೊತೆಗೂ ಮಾತಾಡದೆ ಕೂತಿದ್ದ. ಬೇಸಿಗೆ ಬಂದರೆ ಸಂಬಳ ಖೋತಾ. ಅವನು ಹೋಟೆಲಿನಲ್ಲಿ ಬಡಿಸಲು ಹೋಗುತ್ತಿದ್ದ.

ಮೇಲೆ ಹೋದರೂ ಭದ್ರ ಅಂತೇನಿಲ್ಲ. ಕ್ರಿಸ್ ಕತ್‌ಬರ್ಟ್ ಹೆಸರುವಾಸಿ ದನಿ. 2004-05ರ ಸೀಸನ್ ತಂಡದ ಮಾಲೀಕರ ಲಾಕೌಟ್‌ನಲ್ಲಿ ಪೂರ್ತಿ ರದ್ದಾದಾಗ ಕೆನಡಾದ ಸರ್ಕಾರಿ ಚಾನೆಲ್ ಸಿಬಿಸಿ ಅವರನ್ನು ಕೆಲಸದಿಂದ ತೆಗೆಯಿತು. ಐದು ವರ್ಷದ ನಂತರ, 2010ರ ಫೆಬ್ರುವರಿ 28ರಂದು, ವ್ಯಾಂಕೂವರ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಸಿಡ್ನಿ ಕ್ರಾಸ್ಬಿ ಹೊಡೆದ ಚಿನ್ನದ ಗೋಲನ್ನು ಬೇರೆ ಚಾನೆಲ್‌ನಲ್ಲಿ ಹೇಳಿದವರು ಅವರೇ. ಸರಾಸರಿ 1 ಕೋಟಿ 66 ಲಕ್ಷ ಜನ ನೋಡಿದ ಪಂದ್ಯ. ಹಾಗಾಗಿ ನನ್ನ ಮಾತು: ಹುಡುಗ ಕಂಪ್ಯೂಟರ್ ಸೈನ್ಸ್ ಸೇರಲಿ, ಬೇಡ ಅನ್ನಬೇಡಿ. ವಿಶ್ವವಿದ್ಯಾಲಯಕ್ಕೆ ಹಾಕಿ ತಂಡ ಇದ್ದೇ ಇರುತ್ತೆ, ಕಾಮೆಂಟರಿ ಹೇಳುವವರು ಬೇಕೇ ಬೇಕು. ಇಲ್ಲ ಕಾಮೆಂಟರಿಯನ್ನೇ ಓದಬೇಕು ಅಂದರೆ ನಿಮ್ಮ ಊರಿನ ಫ್ಯಾನ್‌ಶಾ ಕಾಲೇಜಿನಲ್ಲಿ ಪ್ರಸಾರದ ಕೋರ್ಸ್ ಈಗ ಇದೆಯಾ ವಿಚಾರಿಸಿ. ಅದಕ್ಕೂ ಮೊದಲು ಒಂದು ಕೆಲಸ. ಅಕ್ಕಪಕ್ಕದ ಮಕ್ಕಳ ಪಂದ್ಯಕ್ಕೆ ಹೋಗಿ, ಮೂಲೆಯಲ್ಲಿ ಕೂತು, ಫೋನಿನಲ್ಲಿ ಒಂದು ಪೂರ್ತಿ ಇಪ್ಪತ್ತು ನಿಮಿಷ ರೆಕಾರ್ಡ್ ಮಾಡಲಿ. ಮಾರನೇ ದಿನ ಕೇಳಿಕೊಳ್ಳಲಿ. ಅದನ್ನು ತಡೆದುಕೊಂಡರೆ ಮುಂದಿನ ಮಾತು.

ಒಂಟಾರಿಯೊ ಅತ್ತೆ

ಹತ್ತು ದಿನ ಆದಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಪಿಎಚ್‌ಡಿ ವಿಷಯ ಹೇಳಿದಾಗ ಅಣ್ಣನ ಮುಖ ಸ್ವಲ್ಪ ಸಡಿಲವಾಯಿತು. ಬಸ್ಸಿನ ಕಥೆಯನ್ನು ನಾನು ಹೇಳಲಿಲ್ಲ. ಹುಡುಗನೇ ಹೇಳಿಬಿಟ್ಟ, ಅವನಿಗೆ ಎಲ್ಲ ಮೊದಲೇ ಗೊತ್ತಿತ್ತು.

ಭಾನುವಾರ ಬೆಳಗ್ಗೆ ಆರೂವರೆಗೆ ಹತ್ತು ವರ್ಷದ ಮಕ್ಕಳ ಪಂದ್ಯ ಇತ್ತು. ಕಾರು ಕೊಡಲ್ಲ ಅಂತ ಅಣ್ಣ ತಾನೇ ಬಿಡಲು ಹೋದ. ಹುಡುಗ ಮೇಲಿನ ಬೆಂಚಿನಲ್ಲಿ ಕೂತು ಫೋನಿಗೆ ಇಪ್ಪತ್ತು ನಿಮಿಷ ಮಾತಾಡಿದ್ದಾನೆ. ಅಕ್ಕಪಕ್ಕದ ತಾಯಂದಿರು ತಿರುಗಿ ತಿರುಗಿ ನೋಡಿದರಂತೆ. ಬರುವಾಗ ಕಾರಿನಲ್ಲಿ ಹಾಕಿ ಕೇಳಿದರು. ಅಣ್ಣ ಒಂದು ಮಾತೂ ಆಡಲಿಲ್ಲವಂತೆ. ಮನೆ ಗೇಟಿನ ಮುಂದೆ ಬಂದು ನಿಂತ ಮೇಲೂ ಎಂಜಿನ್ ಆರಿಸದೆ ಕೊನೆಯವರೆಗೂ ಕೇಳಿದ. ಆಮೇಲೆ, "ಎಲ್ಲ ಹೇಳಿದೆಯಲ್ಲೋ, ಸ್ಕೋರ್ ಎಷ್ಟಾಯ್ತು?" ಅಂದನಂತೆ.

ಬಸ್ಸಿನ ಹಿಂದಿನ ಸೀಟು

ಅಣ್ಣ ಕೇಳಿದ್ದು ಸರಿ. ಮುಂದಿನ ಭಾನುವಾರದ್ದನ್ನು ನನಗೆ ಕಳಿಸಿ.